ರುದ್ರಾಚಾರ್ರ ಕುರ್ಚಿಯ ಫೋಟೋ

ಹೊಸದುರ್ಗದ ಬಡಗಿ ರುದ್ರಾಚಾರ್ರು ಕುರ್ಚಿ ಮಾಡಿ ಮುಗಿಸಿದ ಮೇಲೆ ಅದನ್ನು ಮಾಳಿಗೆಗೆ ಹೊತ್ತುಕೊಂಡು ಹೋಗಿ ಅಲ್ಲಿಂದ ಅಂಗಳಕ್ಕೆ ಎಸೆಯುತ್ತಿದ್ದರು. ಕಲ್ಲುಹಾಸಿನ ಮೇಲೆ ಬಿದ್ದೂ ಕೀಲು ಬಿಡದಿದ್ದರೆ ಅದು ಗಿರಾಕಿಗೆ. ಬಿಟ್ಟರೆ ಅಲ್ಲೇ ಕೊಡಲಿಯಿಂದ ಕೊಚ್ಚಿ ಸೌದೆ ಮಾಡುವರು. ಕೊಚ್ಚುವಷ್ಟು ಹೊತ್ತೂ ಬೈಗುಳ ನಡೆದಿರುತ್ತಿತ್ತು, ಎಲ್ಲಾ ತಮಗೇ.

ಹಿರಿಯೂರಿನಿಂದ ಬಂದವನೊಬ್ಬ "ನಾಕು ಮೊಳೆ ಹೊಡೆದು ಬೇಗ ಕೊಡ್ರಿ" ಅಂದಾಗ ಕೈಲಿದ್ದ ಮರದ ಕೊಡತಿ ಬೀಸಿ ಒಗೆದಿದ್ದರು. ಅದು ಅವನ ಕಿವಿಯ ಪಕ್ಕ ಹಾದು ಗೋಡೆಗೆ ಬಡಿದು ಗಾರೆ ಕಿತ್ತುಬಂತು. "ಕೀಲು ಕೂಡ್ಸಕ್ಕೆ ಬರದೋನು ಮೊಳೆ ಹೊಡೀತಾನೆ. ಮರಕ್ಕೆ ಬಾಯಿಲ್ಲ ಮೇಡಮ್ಮೋರೆ, ಅದರ ಪರವಾಗಿ ನಾನು ಬೈತೀನಿ" ಎಂದು ನನ್ನ ಕಡೆ ತಿರುಗಿ ಹೇಳಿದರು. ನನಗೆ ಅವರೆಂದರೆ ಭಯವೂ ಇತ್ತು, ಪ್ರೀತಿಯೂ ಇತ್ತು.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಟೀಚರು. ಹೊಸ ಮನೆಗೆ ಆರು ಕುರ್ಚಿ ಬೇಕಿತ್ತು. ನಮ್ಮ ಕಡೆಯ ಪದ್ಧತಿಯಂತೆ ಅವರ ಕೈಗೆ ಎಲೆ ಅಡಿಕೆ ಕೊಟ್ಟು ಕೆಲಸ ಒಪ್ಪಿಸಿದೆ. "ಎಲೆ ಅಡಿಕೆ ಇಸ್ಕಂಡ ಮ್ಯಾಲೆ ಆ ಮರ ಇನ್ನೊಬ್ಬರಿಗಿಲ್ಲ" ಅಂದರು. ಎರಡು ತಿಂಗಳಾಯಿತು. ಮೂರು ಕುರ್ಚಿ ಕೊಡಲಿಗೆ ಹೋದವು, ಒಂದು ಉಳಿಯಿತು. ನನ್ನ ತಾಳ್ಮೆಯೂ ಮುಗಿಯಿತು.

ಒಂದು ಭಾನುವಾರ ಹೋಗಿ ಆ ಒಂದು ಕುರ್ಚಿಯ ಫೋಟೋ ತೆಗೆಯಲು ಫೋನು ಹಿಡಿದೆ. "ಯಾತಕ್ಕೆ?" ಎಂದರು. ಮನೆಯವರಿಗೆ ತೋರಿಸಲು ಎಂದೆ. ಪಾಪ, ಹೆಗಲ ಟವೆಲಿನಿಂದ ಕುರ್ಚಿ ಒರೆಸಿ ಬೆಳಕಿಗೆ ತಂದಿಟ್ಟರು. ನಾನು ಮನೆಗೆ ಬಂದು ಆ ಫೋಟೋವನ್ನು ಫೋನಿನ ಹುಡುಕಾಟಕ್ಕೆ ಕೊಟ್ಟೆ. ಫೋಟೋ ಕೊಟ್ಟರೆ ಅಂಥದೇ ವಸ್ತು ಎಲ್ಲೆಲ್ಲಿ ಮಾರಾಟಕ್ಕಿದೆ ಎಂದು ಅದು ತೋರಿಸುತ್ತದೆ. ಸಾಲುಸಾಲು ಕುರ್ಚಿಗಳು ಬಂದವು. ಒಂದಕ್ಕಂತೂ ಅದೇ ಬೆನ್ನು, ಅದೇ ಬಾಗು. ಆರು ತರಿಸಿದೆ. ಆಚಾರ್ರಿಗೆ ಹೇಳುವ ಧೈರ್ಯವಾಗಲಿಲ್ಲ.

ಎಂಟನೆಯ ದಿನ ವ್ಯಾನಿನವನು ನನ್ನ ಮನೆಯ ದಾರಿ ಕೇಳಲು ನಿಲ್ಲಿಸಿದ್ದು ಅವರ ಅಂಗಡಿಯ ಮುಂದೆಯೇ. ಡಬ್ಬದ ಮೇಲಿನ ಚಿತ್ರ ನೋಡಿದ ಆಚಾರ್ರು ಕೊಡಲಿ ಹಿಡಿದು ವ್ಯಾನಿನ ಹಿಂದೆ ನಡೆದೇ ಬಂದರು; ಅಷ್ಟರಲ್ಲಿ ವ್ಯಾನಿನವನು ಮೂರು ಕುರ್ಚಿ ಜೋಡಿಸಿ ಮುಗಿಸಿದ್ದ.

"ಪಟ ತಗಂಡು ಕಂಪ್ನಿಗೆ ಕಳಿಸಿದ್ರಿ. ನನ್ನ ಕುರ್ಚಿನೇ ಮಾಡಿ ಕಳಿಸ್ಯಾರೆ."

"ಇಲ್ಲ ಆಚಾರ್ರೇ, ಇದನ್ನು ಅವರು ಮೊದಲೇ ಮಾಡಿಟ್ಟಿದ್ರು. ಫೋನು ಹುಡುಕಿ ತೋರಿಸ್ತು ಅಷ್ಟೇ."

"ಆ ಬೆನ್ನಿನ ಬಾಗು ನಮ್ಮಪ್ಪಂದು. ಅವರಿಗೆ ಹೆಂಗೆ ಸಿಕ್ತು?"

ವ್ಯಾನಿನವನು ಜೋಡಿಸಿಟ್ಟಿದ್ದ ಮೊದಲ ಕುರ್ಚಿಗೆ ಕೊಡಲಿ ಬಿತ್ತು. ಒಂದೇ ಏಟಿಗೆ ಕಾಲು ಪುಡಿಯಾಯಿತು. ಒಳಗಿದ್ದದ್ದು ಒತ್ತಿದ ಮರದ ಹೊಟ್ಟು. ಅದನ್ನು ಮುಷ್ಟಿಯಲ್ಲಿ ಎತ್ತಿಕೊಂಡು "ನಮ್ಮಪ್ಪನ ಕುರ್ಚಿಗೆ ಹೊಟ್ಟು ತುಂಬ್ಯಾರೆ" ಎಂದರು. ಆಮೇಲೆ ಎರಡನೆಯದು, ಮೂರನೆಯದು. ಕೈ ಹಿಡಿಯಲು ಹೋದ ನನ್ನ ಗಂಡನ ಹಣೆಗೆ ಕೊಡಲಿಯ ಕಾವು ಬಡಿದು ರಕ್ತ ಚಿಮ್ಮಿತು. ಅಕ್ಕಪಕ್ಕದವರು ಓಡಿಬಂದು ಕೊಡಲಿ ಕಿತ್ತುಕೊಂಡು ಆಚಾರ್ರನ್ನು ಕೆಡವಿದರು. ಮುರಿದ ಕುರ್ಚಿಗಳ ಪಟ್ಟಿಯಿಂದಲೇ ಬಡಿದರು, ಎದೆಗೆ ಒದ್ದರು. ಅರವತ್ತು ದಾಟಿದ ಮನುಷ್ಯನ ಬಾಯಿಂದ ಎರಡು ಹಲ್ಲು ನೆಲಕ್ಕೆ ಬಿದ್ದವು.

ಪೊಲೀಸಿನವನು ಬಂದು ನನ್ನನ್ನೇ ಕೇಳಿದ. "ಏನ್ ಮೇಡಂ, ನಿಮಗೂ ಇವನಿಗೂ ಏನಾರ ವ್ಯವಹಾರ ಐತಾ?"

ಎಲೆ ಅಡಿಕೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಏನೂ ಇಲ್ಲ. ಕುಡಿದು ಬಂದಿರಬೇಕು" ಎಂದೆ. ಆಚಾರ್ರು ಜನ್ಮದಲ್ಲಿ ಕುಡಿದವರಲ್ಲ. ಪೊಲೀಸಿನವನು ಅವರ ಕೆನ್ನೆಗೆ ಬಾರಿಸಿ, ಕತ್ತಿನ ಪಟ್ಟಿ ಹಿಡಿದು ಎಳೆದುಕೊಂಡು ಹೋದ. ಅವರು ನನ್ನನ್ನೇ ನೋಡುತ್ತಿದ್ದರು.

ಅದೇ ವರ್ಷದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅದಕ್ಕೂ ಮುಂಚೆ, ಪೊಲೀಸರು ಬಿಟ್ಟ ಮೇಲೆ, ಒಂದೇ ಒಂದು ಸಲ ನಮ್ಮ ಮನೆಗೆ ಬಂದಿದ್ದರು, ನನಗಾಗಿ ಮಾಡಿ ಉಳಿದಿದ್ದ ಆ ಒಂದು ಕುರ್ಚಿಯನ್ನು ಹೆಗಲ ಮೇಲೆ ಹೊತ್ತು. ಮುಂದಿನ ಹಲ್ಲು ಹೋಗಿ ಮಾತು ಸರಿಯಾಗಿ ಬರುತ್ತಿರಲಿಲ್ಲ. ಗೇಟಿನ ಆಚೆಯೇ ನಿಂತರು.

"ಒಂದೇ ಮಾತು ಕೇಳ್ತೀನಿ ಮೇಡಮ್ಮೋರೆ. ಪಟ ಕಂಪ್ನಿಗೆ ಕಳಿಸಿದ್ರೋ, ಇಲ್ವೋ?"

"ಇಲ್ಲ" ಎಂದೆ. ಆ ಮಾತು ನಿಜ. ಅದರಷ್ಟು ಹೊಲಸಾದ ನಿಜವನ್ನು ನಾನು ಇನ್ನೊಮ್ಮೆ ಆಡಿಲ್ಲ.

"ಹಂಗಾದ್ರೆ ತಪ್ಪು ನಂದೇ. ಅವರು ಹೊಡೆದಿದ್ದೂ ಸರಿನೇ ಆತು."

ಒಳಗೆ ಬಂದು ಕುರ್ಚಿ ಇಳಿಸಿದರು. ತಮಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ನನ್ನ ಗಂಡನ ಕಾಲು ಮುಟ್ಟಲು ಬಾಗಿದರು. ನನ್ನ ಗಂಡ ಗಾಬರಿಯಾಗಿ ಹಿಂದೆ ಸರಿದು, ಏನಾದರೂ ಹೇಳು ಎನ್ನುವಂತೆ ನನ್ನ ಮುಖ ನೋಡಿದರು. ನಾನು ಕಾಫಿ ಇಡುತ್ತೇನೆಂದು ಅಡುಗೆಮನೆಗೆ ಹೋದೆ.