ದೇವರು ಅರ್ಧ, ಕೊಡ್ಲಿ ಅರ್ಧ

ನಾನು ಹೇಳುತ್ತಿರುವ ಕಾಲಕ್ಕೆ, ಎಪ್ಪತ್ತರ ದಶಕದ ನಡುವಿನಲ್ಲಿ, ಕಲಘಟಗಿ ತಾಲೂಕಿನ ನಮ್ಮ ಕಡೆ ಬಸ್ಸು ದೇವಿಕೊಪ್ಪದವರೆಗೆ ಮಾತ್ರ ಬರುತ್ತಿತ್ತು. ಅಲ್ಲಿಂದ ನಮ್ಮೂರಿಗೆ ಚಕ್ಕಡಿ ದಾರಿ, ನಮ್ಮೂರಿನಿಂದ ಮುಂದೆ ಬರೀ ಕಾಲುದಾರಿ, ಅದೂ ಅಡವಿಯೊಳಗೆ. ಬೇಸಿಗೆಯಲ್ಲಿ ಆ ದಾರಿಯ ಎರಡೂ ಬದಿಗೆ ಕವಳಿಹಣ್ಣು ಕರ್ರಗೆ ತೂಗುತ್ತಿದ್ದವು. ಆಗ ಬೆಳೆದವರಿಗೆ ನಾನು ಹೇಳಬೇಕಾಗಿಲ್ಲ. ಬೆರಳಿಗೆ ಅಂಟುವ ಬಿಳಿ ಹಾಲು, ಮುತ್ತಲ ಎಲೆಯ ದೊನ್ನೆಯ ವಾಸನೆ, ಎಷ್ಟು ತೊಳೆದರೂ ಲಂಗ ಬಿಟ್ಟು ಹೋಗದ ಕಲೆ. ಹಣ್ಣು ಕಚ್ಚುವ ಮೊದಲು "ಹುಂಜೋ, ಹ್ಯಾಟಿಯೋ?" ಎಂದು ಕೇಳುವ ಆಟ, ಒಳಗೆ ಕೆಂಪಗಿದ್ದರೆ ಹುಂಜ, ಬೆಳ್ಳಗಿದ್ದರೆ ಹ್ಯಾಟಿ, ಅಂದರೆ ಹೆಣ್ಣು ಕೋಳಿ, ತಪ್ಪು ಹೇಳಿದವರ ಹಣ್ಣು ಗೆದ್ದವರಿಗೆ. ನಾನು ಸೋತರೆ ಜಗಳ ತೆಗೆಯುತ್ತಿದ್ದೆ. ಕರಡಿಗೂ ಕವಳಿಹಣ್ಣೆಂದರೆ ಜೀವ.

ನನ್ನ ಅವ್ವ ಸರಕಾರಿ ನರ್ಸು. ಸುತ್ತಲಿನ ಐದಾರು ಊರಿಗೆ ಆಕೆ ನರ್ಸಬಾಯಿ, ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ. ಅಪ್ಪ ಬಡಗಿ, ಚಕ್ಕಡಿ ಗಾಲಿಗೆ ಹೆಸರಾದವನು. ಊರಿಗೆಲ್ಲ ನಮ್ಮದೊಂದೇ ಕಿರಿಸ್ತಾನರ ಮನೆ. ಹುಬ್ಬಳ್ಳಿಗೆ ದೇವಾಲಯಕ್ಕೆ ಹೋಗುವುದು ತಿಂಗಳಿಗೊಮ್ಮೆ. ಉಳಿದ ಭಾನುವಾರ ನಮ್ಮ ಪಡಸಾಲೆಯೇ ದೇವಾಲಯ, ಅವ್ವನೇ ಉಪದೇಶಿ. ಆಕೆ ಪ್ರಾರ್ಥನೆಗೆ ಕುಳಿತರೆ ದೇವರು ಎದುರಿನ ಮಣೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾನೆ ಅನ್ನುವಷ್ಟು ಸಲೀಸಾಗಿ ಮಾತಾಡುತ್ತಿದ್ದಳು. ಅಪ್ಪ ಮಾತ್ರ ಕಣ್ಣು ಬಿಗಿಯಾಗಿ ಮುಚ್ಚಿ, "ಕಾಪಾಡು, ಕಾಪಾಡು" ಎಂದು ಹತ್ತು ಸಲ ಹೇಳುತ್ತಿದ್ದ. ಅಪ್ಪನಿಗೆ ಹಾವೆಂದರೆ ಅಂಜಿಕೆ, ಗುಡುಗೆಂದರೆ ಅಂಜಿಕೆ, ಅವ್ವ ಒಬ್ಬಳೇ ಹೆರಿಗೆಗೆ ಹೋಗುತ್ತಾಳೆಂದರೆ ಎಲ್ಲಕ್ಕಿಂತ ದೊಡ್ಡ ಅಂಜಿಕೆ. ಅದಕ್ಕೇ ಕೈಯಲ್ಲಿದ್ದ ಕೆಲಸ ಬಿಟ್ಟು ಅವಳ ಹಿಂದೆ ಹೋಗುತ್ತಿದ್ದ.

ನನಗೆ ಆಗ ಒಂಬತ್ತು. ಶಾಲೆಗೆ ಸೂಟಿ ಬಿಟ್ಟ ವಾರದಲ್ಲೇ, ಕಟ್ಟಿಗೆ ತರಲು ಹೋದ ಕಲ್ಲಪ್ಪನನ್ನು ಕರಡಿ ಹಿಡಿಯಿತು. ಊರಲ್ಲಿ ಡಾಕ್ಟರಿಲ್ಲ, ಹಾಗಾಗಿ ಚಕ್ಕಡಿ ನಮ್ಮ ಕಟ್ಟೆಗೇ ಬಂತು. "ಒಳಗ ನಡಿ" ಎಂದಳು ಅವ್ವ. ನಾನು ಹೋಗಲಿಲ್ಲ. ಅವನ ತಲೆಯ ಚರ್ಮ ಹಣೆಯಿಂದ ಹಿಂದಕ್ಕೆ ಸುಲಿದು ಕುತ್ತಿಗೆಯ ಮೇಲೆ ಜೋತಿತ್ತು. ಅದರ ಮೇಲಿನ ಕೂದಲು ಮಾತ್ರ ಎಣ್ಣೆ ಹಚ್ಚಿ ಬಾಚಿದ್ದು ಹಾಗೇ ಇತ್ತು. ರಕ್ತಕ್ಕಲ್ಲ, ಆ ಬೈತಲೆ ನೋಡಿ ನಾನು ವಾಂತಿ ಮಾಡಿಕೊಂಡೆ. ಅವ್ವ ತೊಳೆದು, ಚರ್ಮವನ್ನು ಟೊಪ್ಪಿಗೆಯಂತೆ ಮತ್ತೆ ಎಳೆದು ಕೂಡಿಸಿ, ಧೋತರ ಹರಿದು ಬಿಗಿದು ಹುಬ್ಬಳ್ಳಿಗೆ ಕಳಿಸಿದಳು. ಮರುದಿನ ಹೆಣ ವಾಪಸು ಬಂತು.

ಆಮೇಲೆ ಊರಿಗೆ ಊರೇ ಅಂಜಿಕೆಗೆ ಬಿತ್ತು. ಕರಡಿ ಎಂಬ ಹೆಸರನ್ನೇ ಎತ್ತದೆ "ಕರೇದು" ಅನ್ನತೊಡಗಿದರು. ದನ ಮೇಯಿಸುವವರು ಡಬ್ಬಿ ಬಡಿಯುತ್ತಾ ಹೋದರು. ಕವಳಿಹಣ್ಣು ಗಿಡದಲ್ಲೇ ಕೊಳೆತವು. ಅಪ್ಪ ತನ್ನ ದೊಡ್ಡ ಕೊಡ್ಲಿಯನ್ನು ದಿನಾ ಸಾಣೆ ಹಿಡಿದ, ಅದಿಲ್ಲದೆ ಹೊಸ್ತಿಲು ದಾಟಲಿಲ್ಲ. ಒಂದು ದಿನ ಊಟಕ್ಕೆ ಕುಳಿತಾಗಲೂ ಅದನ್ನು ತಾಟಿನ ಪಕ್ಕಕ್ಕೆ ಇಟ್ಟುಕೊಂಡದ್ದು ನೋಡಿ ಅವ್ವ ನಕ್ಕುಬಿಟ್ಟಳು.

"ಕಾಯಾವ ಒಬ್ಬ ಅದಾನಲ್ರೀ. ಅವನ ಮ್ಯಾಲೆ ಭಾರ ಹಾಕಿದ ಮ್ಯಾಲೆ ಇಷ್ಟ್ಯಾಕ ಅಂಜತೀರಿ?"

"ಭಾರ ಹಾಕೀನಿ. ಕೊಡ್ಲೀನೂ ಬಾಜೂಕ ಇರಲಿ."

"ಅಂದ್ರ ದೇವರು ಅರ್ಧ, ಕೊಡ್ಲಿ ಅರ್ಧ?"

ಅಪ್ಪನೂ ನಕ್ಕ. ಗಂಡ ಹೆಂಡಿರ ಚೇಷ್ಟೆಯ ಮಾತು, ಅಲ್ಲಿಗೆ ಮುಗಿಯಿತು. ನನ್ನ ತಲೆಯಲ್ಲಿ ಮಾತ್ರ ಅದು ಮುಗಿಯಲಿಲ್ಲ. ಅಪ್ಪ ಅರ್ಧ ನಂಬಿದರೆ ದೇವರೂ ಅರ್ಧವೇ ಕಾಯುತ್ತಾನೆ ಎಂದು ನಾನು ಲೆಕ್ಕ ಹಾಕಿದೆ. ಉಳಿದರ್ಧಕ್ಕೆ ಕರಡಿ ಬರುತ್ತದೆ. ಅಪ್ಪನ ಬೈತಲೆ ಕಲ್ಲಪ್ಪನ ಬೈತಲೆಯ ಹಾಗೆ ಕುತ್ತಿಗೆಗೆ ಜೋತುಬೀಳುತ್ತದೆ. ಎರಡು ದಿನ ಇದೇ ಯೋಚನೆ. ಮೂರನೇ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಕೊಡ್ಲಿ ಎಳೆದುಕೊಂಡು ಹೋಗಿ ಹಿತ್ತಲಿನ ಕುಳ್ಳಿನ ರಾಶಿಯೊಳಗೆ ಹುಗಿದು, ಮೇಲೆ ಕುಳ್ಳು ಒಟ್ಟಿಟ್ಟೆ. ಕೈಗೆಲ್ಲ ಸಗಣಿ ವಾಸನೆ, ಎದೆಯಲ್ಲಿ ದೊಡ್ಡ ಸಮಾಧಾನ. ಈಗ ದೇವರಿಗೆ ಪೂರ್ತಿ ಜಾಗ ಆಯಿತು ಅಂದುಕೊಂಡೆ.

ಅದೇ ದಿನ ಬಿಸಿಲೇರುವ ಹೊತ್ತಿಗೆ ವಿಠ್ಠು ಓಡಿಬಂದ. ಅಡವಿಯ ಆಚೆ ಎಮ್ಮೆ ಸಾಕುವವರ ಐದು ಗುಡಿಸಲಿದ್ದವು, ಗೌಳೇರ ದಡ್ಡಿ ಅನ್ನುತ್ತಿದ್ದೆವು. ಅಲ್ಲಿಯವನು.

"ಬಾಯೀ, ಲಗೂ ಬರ್ರಿ. ದಡ್ಡ್ಯಾಗ ಒಬ್ಬ ಹೆಣ್ಮಗಳು ನಿನ್ನಿಯಿಂದ ಬ್ಯಾನಿ ತಿನ್ನಾಕತ್ತಾಳ, ಕೂಸು ಬರವಲ್ದು."

ಅವ್ವ ಕತ್ತರಿ ಸೂಜಿಗಳ ಕಬ್ಬಿಣದ ಡಬ್ಬಿ ಎತ್ತಿಕೊಂಡು ಆಗಲೇ ಅಂಗಳದಲ್ಲಿದ್ದಳು. ಅಪ್ಪ ಮೂಲೆ ಮೂಲೆ ಹುಡುಕುತ್ತಿದ್ದ.

"ಕರುಣಾ, ಕೊಡ್ಲಿ ಕಂಡಿಯೇನ?"

"ಇಲ್ಲಪ್ಪ."

"ಇಲ್ಲೇ ಇಟ್ಟಿದ್ನೆಲ್ಲ."

"ತಡಾ ಆಗತೈತ್ರಿ, ಆಕಿ ಸಾಯತಾಳ. ನಡೀರಿ," ಎಂದಳು ಅವ್ವ. ಅಪ್ಪ ಬಾಗಿಲ ಹಿಂದಿನ ಬಡಿಗೆ ಹಿಡಿದು ನಡೆದ. ಹೋಗುತ್ತಾ ತಿರುಗಿ ತಿರುಗಿ ಮನೆಯ ಕಡೆ ನೋಡಿದ. ನಾನು ಕಟ್ಟೆಯ ಮೇಲೆ ಕುಳಿತು, ಹೆಮ್ಮೆಯಿಂದ, ಕಾಲು ಜೋಲಾಡಿಸುತ್ತಿದ್ದೆ.

ಅಡವಿಯಲ್ಲಿ ಏನಾಯಿತೆಂಬುದನ್ನು ನಾನು ವಿಠ್ಠುವಿನಿಂದ ಸ್ವಲ್ಪ, ಅವ್ವನಿಂದ ಸ್ವಲ್ಪ ಕೇಳಿ ತಿಳಿದೆ. ಹಳ್ಳದ ತಿರುವಿನಲ್ಲಿ ಕವಳಿ ಕಂಟಿಯೊಳಗಿಂದ ಅದು ಎದ್ದು ನಿಂತಿತು. ಹಾವಿಗೆ, ಗುಡುಗಿಗೆ ಅಂಜುವ ಅಪ್ಪ ಅವ್ವನನ್ನು ಹಿಂದಕ್ಕೆ ದಬ್ಬಿ ಮುಂದೆ ಬಂದ. ಮೊದಲ ಏಟಿಗೇ ಬಡಿಗೆ ಮುರಿಯಿತು. ಕರಡಿ ಅವನ ಮುಖವನ್ನು ಹುಬ್ಬಿನಿಂದ ಗಲ್ಲದವರೆಗೆ ಒಂದೇ ಸಲ ಹರಿಯಿತು. ಅಪ್ಪ ಕೆಳಗೆ ಬಿದ್ದು ಎಡಗೈಯನ್ನು ಅದರ ಬಾಯಿಗೆ ತುರುಕಿದ, ಎಲುಬು ಮುರಿದ ಸಪ್ಪಳ ವಿಠ್ಠುವಿಗೆ ಕೇಳಿತಂತೆ. ಅವ್ವ ಓಡಲಿಲ್ಲ. ಕಬ್ಬಿಣದ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ಅದರ ಮೂಗಿನ ಮೇಲೆ ಬಡಿದಳು, ಡಬ್ಬಿ ನೆಗ್ಗಿ ಸೂಜಿಗಳೆಲ್ಲ ಚೆಲ್ಲುವವರೆಗೆ ಬಡಿದಳು. ವಿಠ್ಠು ಕಲ್ಲು ಎತ್ತಿ ಹಾಕಿದ. ಕೊನೆಗೆ ಅದು ಒದರಿಕೊಂಡು ಕಂಟಿಯೊಳಗೆ ಹೋಯಿತು.

ವಿಠ್ಠು ಓಡಿಹೋಗಿ ಕರೆತಂದ ಜನ ಅಪ್ಪನನ್ನು ಕಂಬಳಿಯಲ್ಲಿ ಹೊತ್ತು ತಂದರು. ಅವ್ವ ಪಕ್ಕದಲ್ಲಿ ನಡೆಯುತ್ತಾ ಅಂಗೈಯಿಂದ ಅವನ ಕೆನ್ನೆಯನ್ನು ಮುಖಕ್ಕೆ ಒತ್ತಿ ಹಿಡಿದಿದ್ದಳು, ಬಿಟ್ಟರೆ ಅದು ಕಳಚಿ ಬೀಳುತ್ತಿತ್ತು. ಎಡಗಣ್ಣಿನ ಜಾಗದಲ್ಲಿ ಕಣ್ಣಿರಲಿಲ್ಲ. ಕಟ್ಟೆಯ ಮೇಲೆ ಮಲಗಿಸಿದಾಗ ರಕ್ತ ಕಲ್ಲಿನ ಸಂದಿಯಲ್ಲಿ ಹರಿದು ಮೆಟ್ಟಿಲಿಗೆ ಇಳಿಯಿತು. ಅಲ್ಲಿದ್ದ ಗಂಡಸರಲ್ಲಿ ಒಬ್ಬ ತಲೆಸುತ್ತಿ ಬಿದ್ದ. ಅವ್ವ ನನ್ನನ್ನೇ ಕರೆದಳು.

"ಕರುಣಾ, ತಲಿ ಗಟ್ಟಿ ಹಿಡಿ. ಅಳಾಕ ಆಮ್ಯಾಲೆ ಟೈಮ್ ಐತಿ."

ಮರಗಟ್ಟಿಸುವ ಔಷಧ ಇರಲಿಲ್ಲ. ಅಪ್ಪನ ಹಲ್ಲಿನ ನಡುವೆ ಚಕ್ಕಡಿಯ ಹಗ್ಗ ಇಟ್ಟು, ಚೆಲ್ಲಿದ್ದರಲ್ಲಿ ಆರಿಸಿ ತಂದ ಸೂಜಿಯಿಂದ ಅವ್ವ ಹೊಲಿದಳು. ಸೂಜಿ ಚರ್ಮದ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಬರುವಾಗ ಅವನ ತಲೆ ನನ್ನ ಕೈಯಲ್ಲಿ ಹೋರಿಯ ತಲೆಯ ಹಾಗೆ ಎಗರುತ್ತಿತ್ತು. ಹನ್ನೊಂದು ಹೊಲಿಗೆ. ಮುರಿದ ಕೈಗೆ ಅಪ್ಪನದೇ ಎರಡು ಹಲಗೆ ಕಟ್ಟಿದಳು. ಮುಗಿದ ಮೇಲೆ ಅಪ್ಪ ಹಗ್ಗ ಉಗುಳಿ ಏನೋ ಅಂದ. ಅವ್ವ ಬಾಗಿದಳು.

"ನೀ ದಡ್ಡಿಗಿ ಹೋಗು. ಆ ಹೆಣ್ಮಗಳು ಕಾಯಾಕತ್ತಾಳ."

"ನಿಮ್ಮನ್ನ ಬಿಟ್ಟ?"

"ನನ್ನ ಕಾಯಾವ ಅದಾನ. ಹೋಗು, ಅಂಜಬ್ಯಾಡ."

ಯಾವಾಗಲೂ ಅವ್ವ ಹೇಳುತ್ತಿದ್ದ ಆ ಮಾತು ಈ ಸಲ ಅಪ್ಪನ ಬಾಯಿಂದ ಬಂತು. ಅವ್ವ ಕೈ ನೋಡಿಕೊಂಡಳು, ತೊಳೆದುಕೊಂಡಳು, ನೆಗ್ಗಿದ ಡಬ್ಬಿ ತೆಗೆದುಕೊಂಡು ಅದೇ ದಾರಿ ಹಿಡಿದಳು. ಎಂಟು ಜನ ಭರ್ಚಿ ಹಿಡಿದು ಅವಳ ಹಿಂದೆ ಹೋದರು.

ನಾನು ಅಪ್ಪನ ಜೊತೆ ಚಕ್ಕಡಿಯಲ್ಲಿ. ಹೊಡೆಯುತ್ತಿದ್ದವನು ನೆರೆಮನೆಯ ಬಸಪ್ಪ ಕಾಕಾ, ಹಣೆ ತುಂಬ ವಿಭೂತಿಯ ಮುದುಕ. "ನಿಮ್ಮ ದೇವ್ರಿಗೆ ನೀ ಹೇಳಕೋ ತಂಗಿ, ನಮ್ಮವಗ ನಾ ಹೇಳತೀನಿ" ಎಂದು ಎತ್ತಿನ ಬಾಲ ತಿರುವಿದ. ಅಪ್ಪನ ತಲೆ ನನ್ನ ತೊಡೆಯ ಮೇಲಿತ್ತು. ಲಂಗವೆಲ್ಲ ರಕ್ತದಿಂದ ಒದ್ದೆಯಾಗಿ ಕಾಲಿಗೆ ಅಂಟಿತ್ತು. ನನಗೆ ದೇವರಿಗೆ ಹೇಳಲು ಬಾಯಿ ಬರಲಿಲ್ಲ. ಅಪ್ಪನನ್ನು ಕೊಂದವಳು ನಾನು, ದೇವರಿಗೆ ಅದು ಗೊತ್ತಿದೆ, ಇನ್ನೇನು ಹೇಳುವುದು?

"ಅಪ್ಪಾ, ಕೊಡ್ಲಿ ನಾನ ಮುಚ್ಚಿಟ್ಟೀನಿ."

ಉಳಿದ ಒಂದು ಕಣ್ಣೂ ಮುಚ್ಚಿತ್ತು. ಸತ್ತೇಹೋದ ಅಂದುಕೊಂಡೆ. ಆಮೇಲೆ ಕೇಳಿದ, "ಯಾಕ?"

"ದೇವರು ಅರ್ಧ ಆಗಬಾರದಂತ."

ಅಪ್ಪನ ಗಂಟಲಿನಿಂದ ಒಂದು ಸಪ್ಪಳ ಬಂತು, ಮೈ ಅಲುಗಿತು, ಬಟ್ಟೆಯ ಮೇಲೆ ಹೊಸ ರಕ್ತ ಮೂಡಿತು. ಅಳುತ್ತಿದ್ದಾನೆಂದು ನಾನೂ ಅತ್ತೆ. ಅವನು ನಕ್ಕಿದ್ದ. ನಕ್ಕು ಒಂದು ಹೊಲಿಗೆ ಹರಿದುಕೊಂಡಿದ್ದ. ಸ್ವಲ್ಪ ಹೊತ್ತಾದ ಮೇಲೆ ಬಲಗೈಯಿಂದ ನನ್ನ ಬೆರಳು ಹಿಡಿದ.

"ನಿಮ್ಮವ್ವಗ ಹೇಳಬ್ಯಾಡ. ಆಕಿ ತಡಕೊಳ್ಳೂದಿಲ್ಲ."

ಅವ್ವ ಮೂರು ದಿನ ಬಿಟ್ಟು ಹುಬ್ಬಳ್ಳಿಯ ಆಸ್ಪತ್ರೆಗೆ ಬಂದಳು. ಕೂಸು ಹುಟ್ಟಿತ್ತು, ಹೆಣ್ಣು, ತಾಯಿಯೂ ಬದುಕಿದ್ದಳು. ಕರಡಿಯೂ ದಾರಿಯಲ್ಲೇ ಸಿಕ್ಕಿತ್ತು. ಎರಡು ಮರಿಗಳ ತಾಯಿ. ಭರ್ಚಿಯಿಂದ ತಿವಿದು, ಕೆಡವಿ, ಸತ್ತ ಮೇಲೂ ತಲೆಯ ಮೇಲೆ ಬಂಡೆ ಹೊತ್ತು ಹಾಕಿದರಂತೆ. ಮರಿಗಳನ್ನು ಕಾಲು ಹಿಡಿದು ಮರಕ್ಕೆ ಬಡಿದರಂತೆ. ಅವ್ವ "ಸಾಕು ಬಿಡ್ರೋ" ಎಂದು ಒದರಿದ್ದು ಯಾರಿಗೂ ಕೇಳಲಿಲ್ಲ. ಅಂಜಿದ ಜನ ಹಾಗೇ, ಸತ್ತದ್ದನ್ನೂ ಇನ್ನಷ್ಟು ಕೊಲ್ಲುತ್ತಾರೆ.

"ಅವ್ವಾ, ಮತ್ತ ಅದ ದಾರೀಲೆ ಹೋಗುವಾಗ ನಿನಗ ಅಂಜಿಕಿ ಬರಲಿಲ್ಲೇನ?"

"ಬಂತು."

"ದೇವರ ಮ್ಯಾಲೆ ಭರವಸಿ ಇರಲಿಲ್ಲೇನ ಹಂಗಾರ?"

"ಇತ್ತಂತನ ಹ್ವಾದೆ. ಇರದಿದ್ರ ಮನ್ಯಾಗ ಕುಂತಿರತಿದ್ದೆ. ಕರಡಿ ಬರೂದಿಲ್ಲಂತ ಅವ ಯಾವಾಗ ಹೇಳ್ಯಾನ? ಬಂದ್ರ ನಾ ಜೋಡಿ ಇರತೀನಿ ಅಂದಾನ. ಕೊಡ್ಲಿ ತಗೊಂಡ ಹೋಗಬ್ಯಾಡ ಅಂತನೂ ಅವ ಅಂದಿಲ್ಲ."

ಹೀಗೆಂದು ನನ್ನ ಮುಖ ನೋಡದೆ ಅಪ್ಪನ ಹೊದಿಕೆ ಸರಿಮಾಡಿದಳು.

ಅಪ್ಪ ಮನೆಗೆ ಬಂದದ್ದು ಮಳೆ ಹಿಡಿದ ಮೇಲೆ. ಒಂದು ಕಣ್ಣು, ಸೊಟ್ಟ ಬಾಯಿ, ಸರಿಯಾಗಿ ಮಡಚದ ಕೈ. ಹುಡುಗರು ಕರಡಿಯ ಉಗುರು ಕೊರಳಿಗೆ ಕಟ್ಟಿಕೊಂಡು ಬಂದು ಅವನನ್ನು ಬಾಗಿಲಲ್ಲಿ ನಿಂತು ನೋಡಿ ಹೋದರು. ಒಮ್ಮೆ ಅವ್ವ ಇಲ್ಲದಾಗ ನಾನು ಕೇಳಿದೆ, ಕೊಡ್ಲಿ ಇದ್ದಿದ್ದರೆ ಕಣ್ಣು ಉಳಿಯುತ್ತಿತ್ತೇ ಎಂದು.

"ಕಣ್ಣು ಉಳೀತಿತ್ತೋ, ಜೀವಾನ ಹೋಗತಿತ್ತೋ. ನನಗ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಗೊತ್ತಿದ್ದಾವನ ಕೈಯಾಗ ಕೊಟ್ಟು ನೀ ಆಡಾಕ ಹೋಗು."

ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಬದುಕಿದ, ಗಾಲಿ ಮಾಡಿದ, ಅವ್ವನ ಜೊತೆ ಅದೇ ಅಡವಿ ದಾಟಿದ. ಕೊಡ್ಲಿ ನೆನಪಾದರೆ ಒಯ್ಯುತ್ತಿದ್ದ, ಮರೆತರೆ ಅದನ್ನು ತರಲು ತಿರುಗಿ ಬರುತ್ತಿರಲಿಲ್ಲ. "ಕಾಪಾಡು" ಎಂದು ಅವನು ಬೇಡಿದ್ದನ್ನು ನಾನು ಮತ್ತೆ ಕೇಳಲಿಲ್ಲ. ಹೊರಡುವಾಗ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, "ನೀ ಅದೀ, ಸಾಕು" ಅನ್ನುತ್ತಿದ್ದ, ಅಷ್ಟೇ.

ಅವನನ್ನು ಮಣ್ಣು ಮಾಡಿ ಬಂದ ವಾರ, ಅಕ್ಕಿ ಆರಿಸುತ್ತಾ ಕುಳಿತಿದ್ದಾಗ ಅವ್ವ ತಲೆಯೆತ್ತದೆ ಹೇಳಿದಳು. "ಆಸ್ಪತ್ರಿಗಿ ಬರೂ ಮುಂಜಾನಿ ಒಲಿಗೆ ಕುಳ್ಳ ತಗ್ಯಾಕ ಹ್ವಾದೆ. ಕೊಡ್ಲಿ ಸಿಕ್ತು. ತೊಳದು ಮೂಲ್ಯಾಗ ಇಟ್ಟೆ."

"ನನ್ನ ಯಾಕ ಕೇಳಲಿಲ್ಲ?"

"ಕೇಳಿದ್ರ ನೀ ಹೇಳತಿದ್ದಿ. 'ದೇವರು ಅರ್ಧ, ಕೊಡ್ಲಿ ಅರ್ಧ' ಅನ್ನೂ ಮಾತು ನನ್ನ ಬಾಯಿಂದ ಬಂದದ್ದು ಅಂತ ನನಗ ನೆನಪಿತ್ತು. ಕರಡಿಗಿಂತ ಅದಕ್ಕ ಅಂಜಿದೆ ನಾನು. ಅವರಿಗೂ ಹೇಳಲಿಲ್ಲ."

"ಅಪ್ಪಗ ಗೊತ್ತಿತ್ತವ್ವಾ. ಅವತ್ತ ಚಕ್ಕಡ್ಯಾಗ ಹೇಳಿದ್ದೆ. ನಿನಗ ಹೇಳಬ್ಯಾಡ ಅಂದಿದ್ದ."

ಸಮಾಧಿಯ ಹತ್ತಿರ ಒಂದು ಹನಿ ಹಾಕದ ಅವ್ವ ಅಕ್ಕಿಯ ಮೊರವನ್ನು ಕೆಳಗಿಟ್ಟು ಜೋರಾಗಿ ಅತ್ತಳು. ನಾನು ಅವಳ ತಲೆ ಹಿಡಿದು ಕುಳಿತೆ.

ಈಗ ಅವ್ವನೂ ಇಲ್ಲ. ಆ ದಾರಿ ಈಗ ಗೋವಿನಜೋಳದ ಹೊಲಗಳ ನಡುವಿನ ಅಗಲ ರಸ್ತೆ, ಕವಳಿ ಕಂಟಿ ಹುಡುಕಿದರೂ ಸಿಗುವುದಿಲ್ಲ, ಕರಡಿಯ ಹೆಸರೆತ್ತಿದರೆ ಮೊಮ್ಮಕ್ಕಳು ನಗುತ್ತಾರೆ. ಹುಬ್ಬಳ್ಳಿಯ ನನ್ನ ಮನೆಗೆ ಕಬ್ಬಿಣದ ಬಾಗಿಲಿದೆ, ಬಾಗಿಲಿಗೆ ಕ್ಯಾಮರಾ ಇದೆ. ಮಗಳು ಊರಿಗೆ ತಲುಪಿ ಫೋನು ಮಾಡುವುದು ಹತ್ತು ನಿಮಿಷ ತಡವಾದರೆ ನಾನೇ ಮೂರು ಸಲ ಫೋನು ಹಚ್ಚುತ್ತೇನೆ. ಪ್ರಾರ್ಥನೆ ಬಿಟ್ಟಿಲ್ಲ, ಅದು ಉದ್ದವಾಗಿದೆ. ಒಬ್ಬೊಬ್ಬರ ಹೆಸರು ಹಿಡಿದು, ರಸ್ತೆ, ರೋಗ, ಕಳ್ಳರು ಎಲ್ಲವನ್ನೂ ದೇವರಿಗೆ ನೆನಪು ಮಾಡಿಕೊಡುತ್ತೇನೆ. ಅಪ್ಪನ ಮಾತನ್ನೂ ಎಷ್ಟೋ ಸಲ ಹೇಳಿ ನೋಡಿದ್ದೇನೆ. "ನೀ ಅದೀ, ಸಾಕು" ಎನ್ನುತ್ತೇನೆ, ಆಮೆನ್ ಎನ್ನುತ್ತೇನೆ, ಆಮೇಲೆ ಎದ್ದು ಹೋಗಿ ಬಾಗಿಲಿನ ಚಿಲಕ ಇನ್ನೊಮ್ಮೆ ಎಳೆದು ನೋಡುತ್ತೇನೆ.