ಗುಂಡಿ ಡಬ್ಬಿಯ ಮಾತ್ರೆಗಳು

ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು ತಮ್ಮ, ಕಾಜಾ ತೆಗೆದು ಗುಂಡಿ ಹಚ್ಚುವವಳು ಅಕ್ಕ. ಇಪ್ಪತ್ತು ವರ್ಷ ಒಂದೇ ಮೇಜಿನ ಆ ತುದಿ, ಈ ತುದಿ. ಗಿರಾಕಿ ಬಾಗಿಲು ದಾಟುವಷ್ಟರಲ್ಲಿ ಎದೆಯಳತೆ ಹೇಳಿಬಿಡುವ ಕಣ್ಣು ತಮ್ಮನದು. ಊರಿಗೆಲ್ಲ ಅವನು ಟೈಲರ್ ಮಾಸ್ತರ. ಕೊರಳಲ್ಲಿ ಟೇಪು ಬರೀ ಶೋಕಿಗೆ ಎಂದು ಅಕ್ಕ ಛೇಡಿಸುತ್ತಿದ್ದಳು.

ಮೂವತ್ತೈದು ದಾಟಿದ ಮೇಲೆ ಅವನಿಗೆ ದನಿಗಳು ಕೇಳತೊಡಗಿದವು. ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಇಟ್ಟರೆ ಸಾಕು, 'ತಪ್ಪು, ತಪ್ಪು' ಎನ್ನುತ್ತಿದ್ದವಂತೆ. ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲವಲ್ಲ, ಕೈ ಮರಗಟ್ಟುತ್ತಿತ್ತು. ಒಂದು ಗುಟುಕು ಹಾಕಿದರೆ ದನಿ ತಗ್ಗುತ್ತಿತ್ತು. ಗುಟುಕು ಬಾಟಲಿಯಾಯಿತು. ಅಮಲು ಇಳಿದಾಗ ದನಿಗಳು ಇಮ್ಮಡಿಯಾಗಿ ಬಂದವು.

ಅಕ್ಕ ಅವನ ಕೈಹಿಡಿದು ಹತ್ತದ ಮೆಟ್ಟಿಲಿಲ್ಲ. ಮನೋರೋಗದ ವಾರ್ಡಿನವರು ಮಾತ್ರೆ ಕೊಟ್ಟು, "ಮೊದಲು ಕುಡಿತ ಬಿಡಿಸ್ಕೊಂಡು ಬನ್ನಿ" ಎಂದರು. ಕುಡಿತ ಬಿಡಿಸುವ ಕೇಂದ್ರದವರು, "ಮೊದಲು ತಲೆ ಸರಿಮಾಡಿಸ್ಕೊಂಡು ಬನ್ನಿ" ಎಂದರು. ಒಬ್ಬನೇ ಮನುಷ್ಯನನ್ನು ಹೀಗೆ ಚೆಂಡಾಡಿದವರ ಬಗ್ಗೆ ಬಾಯಿಗೆ ಒಳ್ಳೆಯ ಮಾತು ಬರುವುದಿಲ್ಲ.

ಕೊನೆಗೆ ಅಕ್ಕ ತನಗೆ ಗೊತ್ತಿದ್ದ ಕಸುಬಿನ ದಾರಿ ಹಿಡಿದಳು. ಹಳೆಯ ಹೊಲಿಗೆ ಪೂರ್ತಿ ಬಿಚ್ಚದೆ ಅದರ ಮೇಲೆ ಹೊಸದು ಹಾಕಿದರೆ ಬಟ್ಟೆ ಸೊಟ್ಟಗಾಗುತ್ತದೆ. ಹಾಗೇ ಮೊದಲು ಕುಡಿತ ಹೋಗಬೇಕು, ಆಮೇಲೆ ಮಾತ್ರೆ. ಒಂದು ಸೋಮವಾರ ಅಂಗಡಿಗೆ ರಜೆ ಹೇಳಿ, ಬಾಟಲಿಗಳನ್ನೆಲ್ಲ ಮೋರಿಗೆ ಸುರಿದು, ಅವನ ಕೋಣೆಗೆ ಬೀಗ ಹಾಕಿದಳು. ಸಂಕಟದಲ್ಲಿ ಮಾತ್ರೆಗಳನ್ನೆಲ್ಲ ಒಮ್ಮೆಗೇ ನುಂಗಿಬಿಟ್ಟಾನು ಎಂದು ಹೆದರಿ, ಅವನ್ನು ಪಟ್ಟಿಯಿಂದ ಬಿಡಿಸಿ ತನ್ನ ಡಬ್ಬಿಯ ಬಿಳಿ ಗುಂಡಿಗಳಲ್ಲಿ ಬೆರೆಸಿಟ್ಟಳು.

ಎರಡನೆಯ ದಿನ ಅವನು ಬೆವರಿನಲ್ಲಿ ತೊಯ್ದು ನಡುಗುತ್ತಿದ್ದ.

"ಅಕ್ಕಾ, ತುಂಬ ಜನ ಬಂದಿದ್ದಾರೆ. ಮಾತ್ರೆ ಕೊಡೇ."

"ಇನ್ನೆರಡು ದಿನ ಹಲ್ಲು ಕಚ್ಚಿ ತಡ್ಕೋ ಕಣೋ. ಮೊದಲು ಇದೊಂದು ಬಿಟ್ಟುಹೋಗ್ಲಿ."

"ಕುಡಿಯೋಕೆ ಕೇಳ್ತಿಲ್ಲ ಕಣೇ. ಮಾತ್ರೆ ಕೇಳ್ತಿದ್ದೀನಿ."

ಅಕ್ಕ ಮನಸ್ಸು ಕಲ್ಲು ಮಾಡಿಕೊಂಡು ಮತ್ತೆ ಬೀಗ ಹಾಕಿದಳು.

ಮೂರನೆಯ ಬೆಳಿಗ್ಗೆ ಬೀಗ ತೆಗೆದಾಗ ಅವನಿಗೆ ಫಿಟ್ಸ್ ಬಂದು ಮೈ ಸೆಟೆದಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇನ್ನೆರಡು ಸಲ ಬಂತು. ಡಾಕ್ಟರು ಗದರಲಿಲ್ಲ, ಗದರಿದ್ದರೆ ಚೆನ್ನಾಗಿತ್ತು.

"ಇಷ್ಟು ಕುಡಿಯೋರಿಗೆ ದಿಢೀರ್ ಅಂತ ನಿಲ್ಲಿಸಬಾರದಮ್ಮ. ಎರಡು ಕಾಯಿಲೇನೂ ಒಂದಕ್ಕೊಂದು ಹೆಣೆದ್ಕೊಂಡಿತ್ತು. ಇಲ್ಲೇ ಇಟ್ಕೊಂಡು ಎರಡನ್ನೂ ಒಟ್ಟಿಗೇ ನೋಡಬೇಕಿತ್ತು."

"ಯಾರೂ ಹಂಗೆ ಹೇಳ್ಲಿಲ್ಲ ಡಾಕ್ಟ್ರೇ" ಎಂದಳು ಅಕ್ಕ. ಸಂಜೆಗೆ ತಮ್ಮ ತೀರಿಕೊಂಡ.

ಅವಳು ಈಗಲೂ ಮೇಜಿನ ಅದೇ ತುದಿಯಲ್ಲಿ ಕೂರುತ್ತಾಳೆ. ಡಬ್ಬಿಯಿಂದ ಮಾತ್ರೆಗಳನ್ನು ಆರಿಸಿ ತೆಗೆದು ವರ್ಷವಾಯಿತು. ಆದರೂ ಅಂಗಿಗೆ ಹಚ್ಚುವ ಮುಂಚೆ ಪ್ರತಿಯೊಂದು ಬಿಳಿ ಗುಂಡಿಯನ್ನೂ ಬೆರಳಲ್ಲಿ ಸವರಿ, ತೂತುಗಳಿವೆಯೇ ಎಂದು ನೋಡುತ್ತಾಳೆ.