ಅಂಕಲ್ ಆಂಟೆನಾ ಅಳೆದ ಭಾನುವಾರ

ಸೀಕಾಕಸ್ ಸ್ಟೇಷನ್ನಿನಲ್ಲಿ ಟ್ರೈನ್ ಲೇಟು. ಬೇಜಾರಿಗೆ ಫೋನ್ ತೆಗೆದರೆ, ಅದು ಕೇಳದೆಯೇ ಒಂದು ಹಳೆಯ ಫೋಟೋ ಮುಂದಿಟ್ಟಿತು: ಪಾರ್ಕು, ಕನ್ನಡದವರ ಪಿಕ್‌ನಿಕ್ಕು, ಹಲ್ಲು ಕಿರಿಯುತ್ತಿರುವ ನಾನು, ಪಕ್ಕದಲ್ಲಿ ಶ್ರೀಕಂಠ ಅಂಕಲ್ ಅವರ, ಕಂಬಕ್ಕೆ ಕಟ್ಟಿದ ಆಂಟೆನಾ.

ಅಂಕಲ್‌ಗೆ ಹ್ಯಾಮ್ ರೇಡಿಯೋ ಹುಚ್ಚು, ಮನೆಯಲ್ಲೇ ಕೂತು ದೂರದೂರದವರೊಡನೆ ರೇಡಿಯೋದಲ್ಲಿ ಮಾತಾಡುವ ಹವ್ಯಾಸ. ಇಂಥವರೊಬ್ಬರು ನಿಮಗೂ ಗೊತ್ತಿರಬೇಕು, ನೀವು ಬಿಸಿಬೇಳೆಭಾತಿಗೆ ಕೈ ಹಾಕುವ ಹೊತ್ತಿಗೇ ಸರಿಯಾಗಿ ತಮ್ಮ ಸಾಧನೆ ಬಿಚ್ಚುವವರು. ಅಲ್ಯುಮಿನಿಯಂ ಕಡ್ಡಿ, ಪ್ಲಾಸ್ಟಿಕ್ ಪೈಪು, ಆಂಟಿಯ ಬಟ್ಟೆ ಕ್ಲಿಪ್ಪು ಸೇರಿಸಿ ಮಾಡಿದ ಆ ಅಸ್ಥಿಪಂಜರಕ್ಕೆ "ಹತ್ತು ಡಿಬಿ ಗೇನ್ ಇದೆ ಕಣಯ್ಯ" ಎನ್ನುವರು. ಅಂದರೆ ಸಾದಾ ಆಂಟೆನಾಗಿಂತ ಹತ್ತು ಪಟ್ಟು ಬಲವಂತೆ! ನನಗೆ ಮೈ ಉರಿಯುತ್ತಿತ್ತು. ನಾನು ಇಂಜಿನಿಯರು. ಬ್ಯಾಂಕಿನ ಸಾಫ್ಟ್‌ವೇರ್ ಬರೆದೂ ಬರೆದೂ ಓದಿದ್ದೆಲ್ಲ ಮರೆತಿದ್ದೆ, ಆದರೂ ಇಂಜಿನಿಯರೇ.

"ಅಳೆದೇ ಬಿಡೋಣ ಅಂಕಲ್" ಎಂದೆ.

ಅವರು ಸಿಗ್ನಲ್ ಕಳಿಸುವ ಪುಟ್ಟ ಟ್ರಾನ್ಸ್‌ಮಿಟರ್ ಹಿಡಿದು ಮೈದಾನದ ಆಚೆ ತುದಿಗೆ ಹೋದರು. ಈಚೆ ನಾನು ಮೊದಲು ಸಾದಾ ಆಂಟೆನಾ ಕಂಬಕ್ಕೆ ಕಟ್ಟಿ ಮೀಟರಿನಲ್ಲಿ ಸಿಗ್ನಲ್ ಓದಿದೆ, ಆಮೇಲೆ ಅವರದ್ದನ್ನು. ಎರಡರ ವ್ಯತ್ಯಾಸವೇ ಗೇನ್. "ಸಾದಾ ಕಡ್ಡಿಗಿಂತ್ಲೂ ಕಮ್ಮಿ!" ಎಂದು ಕೂಗಿದೆ. ತಟ್ಟೆ ಹಿಡಿದವರೆಲ್ಲ ನಕ್ಕರು. ಫೋಟೋ ತೆಗೆಸಿಕೊಂಡು ಗ್ರೂಪಿಗೂ ಹಾಕಿದೆ. ಫ್ಲೋರಲ್ ಪಾರ್ಕ್ ಎಂಬ ಊರಿನ ಅವರ ಮನೆಯ ಮೇಲೆ ಆ ಆಂಟೆನಾ ಮತ್ತೆ ಏರಲಿಲ್ಲ. ಆಮೇಲಿನ ಯಾವ ಪಿಕ್‌ನಿಕ್ಕಿಗೂ ಅವರು ಬರಲಿಲ್ಲ. ಜಂಭ ಇಳಿಯಿತೆಂದು ನಾನು ಖುಷಿಪಟ್ಟೆ.

ಈಗ ಫೋಟೋ ದೊಡ್ಡದು ಮಾಡಿ ನೋಡಿದೆ. ದೂರದಲ್ಲಿ ಅಂಕಲ್ ಹಿಡಿದ ಟ್ರಾನ್ಸ್‌ಮಿಟರಿನ ಕಡ್ಡಿ ನೆಟ್ಟಗೆ ನಿಂತಿದೆ. ಸಾದಾ ಆಂಟೆನಾವನ್ನೂ ನೆಟ್ಟಗೇ ಕಟ್ಟಿದ್ದು ನೆನಪಿದೆ. ಅವರ ಆಂಟೆನಾದ ಕಡ್ಡಿಗಳು ಮಾತ್ರ ಅಡ್ಡ ಮಲಗಿವೆ. ಮೈಸೂರಿನ ತಾರಸಿಗಳ ಮೇಲೆ ಟಿವಿ ಆಂಟೆನಾ ಹಾಗೇ ಮಲಗಿರುತ್ತಿತ್ತಲ್ಲ, ಅದನ್ನೇ ನೋಡಿ ಬೆಳೆದವನು ಹಾಗೇ ಕಟ್ಟಿದ್ದೆ. ನಿಂತ ಕಡ್ಡಿ ಕಳಿಸಿದ್ದು ಮಲಗಿದ ಕಡ್ಡಿಗೆ ಸರಿಯಾಗಿ ಕೇಳುವುದಿಲ್ಲ. ಇದು ಈ ಹವ್ಯಾಸದ ಮೊದಲ ಪಾಠ. ನನಗೆ ನಾಚಿಕೆಯಾಯಿತು.

ಫೋನ್ ಮಾಡಿದೆ. "ಅಂಕಲ್, ಅವತ್ತು ತಪ್ಪು ನಂದು. ನಿಮ್ಮ ಆಂಟೆನಾ ಅಡ್ಡ ಕಟ್ಟಿದ್ದೆ."

"ಗೊತ್ತು ಕಣಯ್ಯ. ನೀನೇ ಗ್ರೂಪಿಗೆ ಹಾಕಿದ್ದ ಫೋಟೋ ನೋಡಿದ್ನಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಇಂಜಿನಿಯರ್ ಅಲ್ವಾ!" ಎಂದವರೇ ಸೇರಿಸಿದರು, "ಈಗ ಅದ್ರ ಮೇಲೆ ಹಾಗಲ ಬಳ್ಳಿ ಹಬ್ಬಿದೆ. ಶನಿವಾರ ಬಂದು ಬಿಡಿಸು. ಕಟ್ಟೋದು ಮಾತ್ರ ನಾನು. ನೀನು ದೂರ ಹೋಗಿ ಕಡ್ಡಿ ಹಿಡ್ಕೊಂಡು ನಿಂತ್ಕೋ, ಸಾಕು."

ಟ್ರೈನ್ ಬಂತು. ಹತ್ತುವ ಮೊದಲು ಅದೇ ಫೋಟೋವನ್ನು ಮತ್ತೆ ಗ್ರೂಪಿಗೆ ಹಾಕಿ ಕೆಳಗೆ ಬರೆದೆ: "ಅಂಕಲ್ ಆಂಟೆನಾದಲ್ಲಿ ದೋಷವಿರಲಿಲ್ಲ. ಅಡ್ಡ ಕಟ್ಟಿದವನು, ಇಲ್ಲಿ ಹಲ್ಲು ಕಿರಿಯುತ್ತಿರುವ ಇಂಜಿನಿಯರು."